ಬೂಟು ತೊಳೆದು ಒಳಗೆ ಬಿಟ್ಟ ದೇಶ

ಸಿಡ್ನಿ, ಇಳಿದ ಕೂಡಲೇ

ಆಸ್ಟ್ರೇಲಿಯಾಕ್ಕೆ ಹೋಗಿಬಂದವರು ಸಮುದ್ರ ನೋಡಿದೆವು, ಕಾಂಗರೂ ನೋಡಿದೆವು ಅನ್ನುತ್ತಾರೆ. ನಾನು ಏನನ್ನಾದರೂ ನೋಡುವ ಮೊದಲು ಆ ದೇಶ ನನ್ನ ಬೂಟಿನ ತಳ ನೋಡಿತು.

ವಿಮಾನದಲ್ಲೇ ಒಂದು ಚೀಟಿ ಕೊಟ್ಟಿದ್ದರು. ಇತ್ತೀಚೆಗೆ ಹೊಲಕ್ಕೆ, ದನಕುರಿ ಇರುವ ಜಾಗಕ್ಕೆ ಹೋಗಿದ್ದೀರಾ ಅಂತ ಪ್ರಶ್ನೆ. ನಾನು ನರಗುಂದ ತಾಲೂಕಿನಲ್ಲಿ ದನದ ದವಾಖಾನೆಯ ಡಾಕ್ಟರು, ಮಂದಿಯ ಬಾಯಲ್ಲಿ ಡಾಕ್ಟರ್ ಬಾಯಿ. ಹೋಗದ ದಿನ ಯಾವುದು ಅಂತ ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಹೌದು ಅಂತ ಬರೆದೆ. ಅದಕ್ಕೇ ನನ್ನನ್ನು ಬೇರೆ ಸಾಲಿಗೆ ಕಳಿಸಿದರು.

ಕೈಗೆ ರಬ್ಬರ್ ಗವಸು ಹಾಕಿಕೊಂಡ ಹುಡುಗನಂಥ ಅಧಿಕಾರಿ ನನ್ನ ಬ್ಯಾಗಿನಿಂದ ಬೂಟು ತೆಗೆದ. ಒಂದು ಕಡ್ಡಿ ತೊಗೊಂಡು ತಳದ ಗೀರುಗಳನ್ನು ಕೆದಕಿದ. ಎರೆಮಣ್ಣು ಉದುರಿತು. ಮಣ್ಣಿನೊಳಗಿಂದ ಒಣಗಿದ ಒಂದು ಹಿಕ್ಕಿ ಉರುಳಿ ಬಿತ್ತು.

"ಇದೇನು?"

"ಕುರಿಯ ಹಿಕ್ಕಿ."

"ಎಲ್ಲಿಯದು?"

"ರಾಜೂರದ್ದು" ಅಂದುಬಿಟ್ಟೆ. ಅವನಿಗೆ ನಮ್ಮೂರು ರಾಜೂರ ಎಲ್ಲಿ ಗೊತ್ತು! ಆಮೇಲೆ ಇಂಡಿಯಾ ಅಂತ ತಿದ್ದಿದೆ.

ಅವನು ನಗಲಿಲ್ಲ, ಗದರಲೂ ಇಲ್ಲ. ಬೂಟು ಒಳಗೊಯ್ದು ತೊಳೆದು, ಔಷಧಿ ಹಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟ. ಗದಗಿನ ಅಂಗಡಿಯಲ್ಲಿ ಕೊಂಡ ದಿನವೂ ಅವು ಅಷ್ಟು ಸ್ವಚ್ಛ ಇರಲಿಲ್ಲ. ಅವ್ವ ಕೊಟ್ಟ ತುಪ್ಪದ ಡಬ್ಬಿ ಮಾತ್ರ ಅಲ್ಲೇ ಉಳಿಯಿತು. ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಮೂಸಿ ನೋಡಿ ಬಿಟ್ಟರು.

ಹೊರಗೆ ಬಂದಾಗ ನನಗೆ ಖರೇನೇ ಸಿಟ್ಟು ಬಂದಿತ್ತು. ನಮ್ಮದು ಕುರಿ ಕಾಯುವ ಮನೆತನ. ಸುಗ್ಗಿ ಮುಗಿದು ಹೊಲ ಖಾಲಿಯಾದರೆ ರೈತರು ಅಣ್ಣನ ಹಿಂಡನ್ನು ಕರೆದು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಹಗಲು ಮೇದು ಬಂದ ಕುರಿ ರಾತ್ರಿ ಅಲ್ಲಿ ಮಲಗಿ ಎದ್ದರೆ ಆ ನೆಲಕ್ಕೆ ಬೇರೆ ಗೊಬ್ಬರ ಬೇಡ. ಬದಲಿಗೆ ನಮಗೆ ಜೋಳ ಕೊಡುತ್ತಾರೆ. ನಾನು ಉಂಡು ಬೆಳೆದದ್ದು ಆ ಜೋಳವನ್ನು. ಕಾಲೇಜಿಗೆ ಹೋದದ್ದು ವರ್ಷವರ್ಷ ಟಗರು ಮಾರಿ. ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನನ್ನದು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ನಮ್ಮ ಕಡೆ ಬಾ ಅಂತ ಕರೆದು ಹಾಕಿಸಿಕೊಳ್ಳುವ ಹಿಕ್ಕಿಯನ್ನು ಇವರು ಚಿಮಟದಿಂದ ಎತ್ತಿ ಕಸಕ್ಕೆ ಹಾಕಿದ್ದರು.

ಅವರು ಮಾಡಿದ್ದು ಸರಿ ಅಂತ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ನಾನು ಹೋದದ್ದೇ ಹಿಕ್ಕಿಯಲ್ಲಿ ರೋಗ ಹುಡುಕುವುದನ್ನು ಕಲಿಯಲು.

ಹೆಲೆನ್ ಮನೆ, ಮೊದಲ ದಿನ

ತರಬೇತಿಯ ಅರ್ಧ ಪ್ರಯೋಗಾಲಯದಲ್ಲಿ, ಅರ್ಧ ಕುರಿಯಿರುವ ಹೊಲದಲ್ಲಿ. ಸಿಡ್ನಿಯಿಂದ ಒಳನಾಡಿಗೆ ಅರ್ಧ ದಿನದ ದಾರಿ. ಎದುರಿಗೆ ಬಂದ ಪ್ರತಿ ಗಾಡಿಯವನೂ ಸ್ಟೇರಿಂಗಿನ ಮೇಲಿಂದ ಒಂದೇ ಬೆರಳು ಎತ್ತುತ್ತಿದ್ದ. ಪರಿಚಯದವರೇನೋ ಅಂದುಕೊಂಡೆ. ಅಲ್ಲ, ಅದು ಅಲ್ಲಿಯ ನಮಸ್ಕಾರ. ನಮ್ಮ ರೋಣದ ರಸ್ತೆಯಲ್ಲಿ ಹಾಗೆ ಮಾಡಲು ಹೋದರೆ ಬೆರಳು ಇಳಿಸಲು ಪುರಸೊತ್ತು ಸಿಗಲಿಕ್ಕಿಲ್ಲ.

ಆ ಹೊಲದ ಒಡತಿ ಹೆಲೆನ್ ಅರವತ್ತು ದಾಟಿದ ಹೆಂಗಸು. ಗಂಡ ಇಲ್ಲ. ಕಣ್ಣು ಹಾಯುವಷ್ಟು ನೆಲ, ಸಾವಿರಗಟ್ಟಲೆ ಕುರಿ, ನೋಡಿಕೊಳ್ಳುವವರು ಅವಳು ಮತ್ತು ಎರಡು ನಾಯಿ. ಅವಳು ಮಾತಾಡಿದ್ದು ಇಂಗ್ಲಿಷ್, ಆದರೆ ಆ ಮೊಂಡು ಮಾತು ನನ್ನ ಕಿವಿಗೆ ನಮ್ಮ ಕಡೆಯ ಮಾತಿನಂತೆಯೇ ಬಿತ್ತು. ಹಾಗೇ ಬರೆಯುತ್ತೇನೆ.

"ಇಷ್ಟು ಕುರಿಗೆ ಹೆಸರು ಇಡತೀರೇನ್ರಿ?" ಅಂತ ಕೇಳಿದೆ.

"ಹೆಸರಾ? ನನ್ನ ನಾಯಿ ಹೆಸರು ನೆನಪಿದ್ರ ಸಾಕಾಗೇತಿ."

ನಮ್ಮ ಹಿಂಡಿನಲ್ಲಿ ಹೆಸರಿಲ್ಲದ ಕುರಿಯೇ ಇಲ್ಲ. ಕೆಂಚಿ, ಬೊಳ್ಳಿ, ಮೂಕಿ, ಕಿವುಡಿ. ಅವಳಿಗೆ ಹೇಳಿದಾಗ, ಮಾರುವಾಗ ಜೀವ ಹೋದಂಗ ಆಗೂದಿಲ್ಲೇನು ಅಂದಳು. ಆಗತೈತಿ ಅಂದೆ.

ಮಧ್ಯಾಹ್ನ ನಾನು ರೊಟ್ಟಿ ಬಿಚ್ಚಿದೆ. ಹೆಲೆನ್ ಒಂದನ್ನು ಕೈಗೆ ತೊಗೊಂಡು ಬಾಗಿಲು ಬಡಿದ ಹಾಗೆ ಬೆರಳಿನಿಂದ ಬಡಿದು ನೋಡಿದಳು. ಶೇಂಗಾ ಚಟ್ನಿ ಹಚ್ಚಿ ಮುರಿದು ತಿಂದು ಮತ್ತೊಂದಕ್ಕೆ ಕೈ ಚಾಚಿದಳು. ಆಗ ಗಮನಿಸಿದೆ, ಅವಳ ಬಲಗೈಯ ತೋರುಬೆರಳು ಬಗ್ಗುತ್ತಿರಲಿಲ್ಲ. ಮರಿಗಳಿಗೆ ಹಾಕುವ ಲಸಿಕೆಯ ಸೂಜಿ ಒಮ್ಮೆ ತಪ್ಪಿ ಅವಳಿಗೇ ಚುಚ್ಚಿತ್ತಂತೆ. ತಿಂಗಳುಗಟ್ಟಲೆ ಬಾತಿತ್ತು, ಡಾಕ್ಟರು ಕೊಯ್ದರು, ಆಮೇಲೆ ಬೆರಳು ಹಾಗೇ ಸೆಟೆದು ನಿಂತಿತು.

"ಅಷ್ಟು ಕೆಟ್ಟ ಲಸಿಕೆ ಯಾಕ ಹಾಕತೀರಿ ಮತ್ತ?"

"ರೋಗ ಅದಕ್ಕಿಂತ ಕೆಟ್ಟದೈತಿ" ಅಂದಳು.

ಆ ರೋಗದ ಹೆಸರು ಜೋನ್ಸ್ ಕಾಯಿಲೆ. ಕರುಳಿನ ಕಾಯಿಲೆ, ಕ್ಷಯದ ರೋಗಾಣುವಿನ ದಾಯಾದಿಯಿಂದ ಬರುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕುರಿ ಚಲೋ ಮೇಯುತ್ತದೆ, ಚಲೋ ಕುಡಿಯುತ್ತದೆ, ಆದರೂ ಸೊರಗುತ್ತ ಹೋಗುತ್ತದೆ. ಕರುಳು ದಪ್ಪಗಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ. ಔಷಧಿ ಇಲ್ಲ. ದನಕ್ಕಾದರೆ ಭೇದಿ ಆಗುತ್ತದೆ, ಮಾಲೀಕನಿಗೆ ತಿಳಿಯುತ್ತದೆ. ಕುರಿಗೆ ಬಹಳ ಸಲ ಅದೂ ಇಲ್ಲ. ಹಿಕ್ಕಿ ಹಿಕ್ಕಿಯಂತೆಯೇ ಬೀಳುತ್ತದೆ.

ಆ ಹಿಕ್ಕಿಯಲ್ಲೇ ಎಲ್ಲ ಇರುವುದು. ರೋಗ ಹೊಕ್ಕ ಕುರಿ, ಮೈಯಲ್ಲಿ ಏನೂ ಕಾಣುವ ಮೊದಲೇ, ನೋಡಲು ಗುಂಡುಕಲ್ಲಿನ ಹಾಗೆ ಇರುವಾಗಲೇ ರೋಗಾಣು ಹೊರಹಾಕತೊಡಗಬಹುದು. ಸೊರಗಲು ಹತ್ತಿತೋ, ಹಾಕುವ ಪ್ರಮಾಣ ವಿಪರೀತ. ಅಂಥ ಒಂದೇ ಕುರಿ ಇಡೀ ಹೊಲ ಕೆಡಿಸಬಲ್ಲದು. ಮಣ್ಣಿನಲ್ಲಿ, ತಂಪು ನೆರಳಿನಲ್ಲಿ, ನಿಂತ ನೀರಿನಲ್ಲಿ ಆ ಜೀವ ತಿಂಗಳುಗಟ್ಟಲೆ ಕಾಯುತ್ತದೆ. ಹೆಚ್ಚಾಗಿ ಹಿಡಿಯುವುದು ಮರಿಗಳನ್ನು. ಹಿಕ್ಕಿ ಮೆತ್ತಿದ ಹುಲ್ಲು ನೆಕ್ಕಿದರೆ, ಹಿಕ್ಕಿ ಮೆತ್ತಿದ ಕೆಚ್ಚಲು ಚೀಪಿದರೆ ಸಾಕು. ಇವತ್ತು ನೆಕ್ಕಿದ ಮರಿ ಸೊರಗುವುದು ಎರಡೋ ಮೂರೋ ವರ್ಷದ ಮೇಲೆ. ಅಷ್ಟರಲ್ಲಿ ಯಾವ ಹೊಲದಲ್ಲಿ, ಯಾವ ಕುರಿಯಿಂದ ಅಂತ ಹೇಳುವವರು ಯಾರು?

ಬೇಲಿ

ಹೆಲೆನ್ ಹೊಲದ ಪಡುವಣ ಅಂಚಿಗೆ ಎರಡು ಬೇಲಿ ಇವೆ, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಖಾಲಿ. ಅಲ್ಲಿ ಎದೆಯೆತ್ತರ ಹುಲ್ಲು. ಕುರಿ ದೇಶದಲ್ಲಿ ಮೇಯದ ಹುಲ್ಲು ನೋಡಿ ನನಗೆ ಸಂಕಟವಾಯಿತು. ನಮ್ಮ ಕಡೆ ಬದುವಿನ ಮೇಲಿನ ಗರಿಕೆಗೂ ಜಗಳ ಆಗುತ್ತದೆ.

"ಇದು ಯಾರ ಪಾಲಿನ ಹುಲ್ಲು?" ಅಂದೆ.

"ಯಾರದೂ ಅಲ್ಲ" ಅಂದು ಹೆಲೆನ್ ಗಾಡಿ ನಿಲ್ಲಿಸಿದಳು.

ಅವಳ ಅಪ್ಪನ ಕಾಲದಲ್ಲಿ ಒಂದೇ ಬೇಲಿ ಇತ್ತಂತೆ. ಆಚೆ ಹೊಲದವನು ಅಪ್ಪನ ಗೆಳೆಯ. ಉಣ್ಣೆ ಕತ್ತರಿಸುವ ಹೊತ್ತಿಗೆ ಇವರ ಮನೆಯವರು ಅಲ್ಲಿ, ಅವರ ಮನೆಯವರು ಇಲ್ಲಿ. ಒಂದು ವರ್ಷ ಅಪ್ಪನ ಹಿಂಡಿನಲ್ಲಿ ಕೆಲವು ಕುರಿ ಸೊರಗಿದವು. ಹುಳ ಅಂದರು, ವಯಸ್ಸು ಅಂದರು, ಹುಲ್ಲಿನಲ್ಲಿ ಕಸುವಿಲ್ಲ ಅಂದರು. ಆಮೇಲೆ ಡಾಕ್ಟರು ಬಂದು ಸತ್ತ ಕುರಿ ಕೊಯ್ದು ನೋಡಿ ರೋಗದ ಹೆಸರು ಹೇಳಿದರು. ಆಗ ಅಲ್ಲಿ ಆ ಹೆಸರಿಗೆ ಭಾಳ ಹೆದರಿಕೆ ಇತ್ತು. ಯಾರ ಹಿಂಡಿನಲ್ಲಿ ಇದೆ ಅಂತ ಗೊತ್ತಾಯಿತೋ, ಅವನ ಕುರಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಪ್ಪ ಯಾರಿಗೂ ಹೇಳಲಿಲ್ಲ. ಅದೇ ವರ್ಷ ಗೆಳೆಯ ಎಳೆ ಹೆಣ್ಣುಕುರಿ ಕೇಳಿದ. ಅಪ್ಪ ಕೊಟ್ಟ.

"ಗೊತ್ತಿದ್ದೂ?"

"ಗೊತ್ತಿದ್ದೂ. ಕೊಡೂದಿಲ್ಲ ಅಂದ್ರ ಯಾಕ ಅಂತ ಕೇಳತಾನಲ್ಲ."

ಕೆಲವು ವರ್ಷದ ಮೇಲೆ ಆಚೆ ಹೊಲದಲ್ಲೂ ಕುರಿ ಸೊರಗಿದವು. ಆ ಮನುಷ್ಯನಿಗೆ ತಿಳಿಯಿತು. ಅವನು ಜಗಳಕ್ಕೆ ಬರಲಿಲ್ಲ. ಬಂದು ತನ್ನ ಕಡೆಯಿಂದ ಈ ಎರಡನೆಯ ಬೇಲಿ ಹಾಕಿದ. ಗೂಟ ಬಡಿಯುವ ಸದ್ದು ಅಪ್ಪ ಅಡಿಗೆಮನೆಯಲ್ಲಿ ಕೂತು ಕೇಳಿದನಂತೆ, ಎದ್ದು ಹೊರಗೆ ಹೋಗಲಿಲ್ಲವಂತೆ. ಆಮೇಲೆ ಎರಡೂ ಕಡೆ ಹಿಂಡನ್ನೇ ತೆಗೆಯಬೇಕಾಯಿತು, ನೆಲ ಖಾಲಿ ಬಿಡಬೇಕಾಯಿತು. ಮುಂದೆ ಲಸಿಕೆ ಬಂತು, ಕುರಿ ತಿರುಗಿ ಬಂದವು. ಮಾತು ಬರಲಿಲ್ಲ.

"ಅವರಿಬ್ಬರೂ ಈಗ ಇಲ್ಲ. ಮಕ್ಕಳು ನಾವು ಬೆರಳು ಎತ್ತತೀವಿ, ರಸ್ತೆದಾಗ" ಅಂದಳು ಹೆಲೆನ್.

ನಾನು ತರಬೇತಿಗೆ ಬಂದವಳು, ಅವಳನ್ನು ಸಮಾಧಾನ ಮಾಡಲು ನನಗೆ ಅಧಿಕಾರ ಇರಲಿಲ್ಲ.

ಹೆಲೆನ್ ಮನೆ, ಭಾನುವಾರ

ಭಾನುವಾರ ಕುರಿಮಾಂಸ ಸುಟ್ಟು ಬಡಿಸಿದಳು. ಖಾರ ಇಲ್ಲ, ಮಸಾಲೆ ಇಲ್ಲ, ಜೊತೆಗೆ ಪುದೀನದ ಸಿಹಿ ಚಟ್ನಿ. ನಾನು ಮರ್ಯಾದೆಗೆ ತಿನ್ನುತ್ತಿದ್ದೆ. ಅಷ್ಟರಲ್ಲಿ ಬೀರಪ್ಪಣ್ಣನ ವಿಡಿಯೋ ಕರೆ ಬಂತು. ಅವನು ನನ್ನ ಅಣ್ಣ, ಹಿಂಡು ನೋಡಿಕೊಳ್ಳುವವನು. ಹಿನ್ನೆಲೆಯಲ್ಲಿ ರಾಜೂರದ ಬಿಸಿಲು.

"ಏನವಾ ತಂಗಿ, ಅಲ್ಲಿ ಕುರಿ ಇಂಗ್ಲಿಷಿನ್ಯಾಗ ಒದರತಾವೇನು?"

"ಹ್ಯಾಂಗ ಒದರಿದ್ರೂ ಮಂದಿ ಕೇಳಂಗಿಲ್ಲ ಇಲ್ಲಿ. ನಾಯಿ ಕೇಳತಾವ."

ನಕ್ಕ. ಆಮೇಲೆ ದನಿ ಇಳಿಸಿದ. "ನಮ್ಮ ಕೆಂಚಿ ಭಾಳ ಸೊರಗೇತಿ ನೋಡು. ಮೇವು ಬಿಡಂಗಿಲ್ಲ, ಆದ್ರ ಬೆನ್ನೆಲುಬು ಎಣಸಬಹುದು. ಹುಳದ ಔಷಧ ಎರಡ ಸಲ ಹಾಕೀನಿ."

"ಎಲ್ಲೈತಿ ಈಗ?"

"ಇಲ್ಲೇ, ಹಟ್ಟ್ಯಾಗ. ನಡ್ಯಾಕ ಆಗೂದಿಲ್ಲ ಪಾಪ. ಮರಿಗಳ ಕೂಡ ಬಿಟ್ಟೀನಿ."

ಫೋನು ತಿರುಗಿಸಿ ತೋರಿಸಿದ. ಗೂಟ ಹುಗಿದು ಬಲೆ ಸುತ್ತಿದ ಗುಂಡು ಜಾಗ. ಹಿಂಡು ಮೇಯಲು ಹೋದಾಗ ನಡೆಯಲಾರದ ಎಳೆಮರಿಗಳನ್ನು ಅದರೊಳಗೆ ಬಿಡುತ್ತೇವೆ. ಸೊರಗಿದ ಕುರಿ ಇದ್ದರೆ ಅದನ್ನೂ ಅಲ್ಲೇ ಬಿಡುತ್ತೇವೆ. ನೆರಳು ಇರುತ್ತದೆ, ನೀರು ಇರುತ್ತದೆ, ನಡೆಯುವ ಕಷ್ಟ ಇಲ್ಲ. ನಮ್ಮಪ್ಪ ಹಾಗೆ ಮಾಡಿದ, ಅವರಪ್ಪ ಹಾಗೆ ಮಾಡಿದ. ನಮ್ಮ ಕಡೆಯ ಕುರಿಗಾರರು ಎಲ್ಲರೂ ಹಾಗೇ ಮಾಡುತ್ತಾರೆ, ಕರುಣೆಯಿಂದಲೇ ಮಾಡುತ್ತಾರೆ. ಕೆಂಚಿ ಬಲೆಯ ನಡುವೆ ಮಲಗಿತ್ತು. ಒಂದು ಮರಿ ಅದರ ಬೆನ್ನ ಮೇಲೆ ಹತ್ತಿ ಆಡುತ್ತಿತ್ತು. ಇನ್ನೊಂದು ಅದರ ಬಾಲದ ಹತ್ತಿರ ನೆಲ ನೆಕ್ಕುತ್ತಿತ್ತು.

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

"ಅಣ್ಣಾ, ಕೆಂಚಿನ್ನ ಈಗಿಂದೀಗ ಹೊರಗ ಕಟ್ಟು. ಮರಿ ಎತಗೊಂಡು ಬ್ಯಾರೆ ಕಡೆ ಬಲೆ ಕಟ್ಟಿ ಅದರಾಗ ಬಿಡು. ಅದನ್ನ ಯಾರಿಗೂ ಮಾರಬ್ಯಾಡ."

"ಯಾಕ?"

ಹೇಳಿದೆ. ಅವನ ಮುಖ ಗಟ್ಟಿಯಾಯಿತು. "ನೀ ಅಲ್ಲಿ ಕುಂತು ಫೋನಿನ್ಯಾಗ ರೋಗ ನೋಡತಿ? ವಿಮಾನ ಹತ್ತಿದ ಮ್ಯಾಲ ನಮ್ಮ ಕುರಿ ರೋಗಿಷ್ಟ ಆದೂವೇನು?"

"ಖಾತ್ರಿ ಹೇಳಾಕತ್ತಿಲ್ಲ. ಬಂದು ತಪಾಸ ಮಾಡತೀನಿ. ಅಲ್ಲೀತನಕ ಗೌಡ್ರ ಹೊಲಕ್ಕ ಹಿಂಡು ಹೊಡಕೊಂಡು ಹೋಗಬ್ಯಾಡ."

ಅಬ್ಬಿಗೇರಿ ಶಂಕರಗೌಡರ ಹೊಲದಲ್ಲಿ ನಮ್ಮ ಕುರಿ ನಿಲ್ಲುವುದು ಅಪ್ಪನ ಕಾಲದಿಂದ ಬಂದದ್ದು. ಗೌಡರು ಕರೆದರೆ ಸುತ್ತಲಿನವರೂ ಕರೆಯುತ್ತಾರೆ.

"ಗೌಡ್ರಿಗೆ ಏನಂತ ಹೇಳಲಿ?" ಅಂದ ಅಣ್ಣ. "ಕುರಿಗೆ ರೋಗ ಐತಿ ಅಂದೆ ಅಂದ್ರ ಸಂಜೀಗೆ ಅದು ಚಾದಂಗಡಿಗೆ ಬರತೈತಿ, ಸಂತಿ ದಿನ ರೋಣಕ್ಕ ಮುಟ್ಟತೈತಿ. ಆಮ್ಯಾಲ ನಮ್ಮನ್ನ ಯಾರು ಕರೀತಾರ? ಹಿಂಡು ಎಲ್ಲಿ ನಿಲ್ಲಸಲಿ, ಹೆದ್ದಾರಿ ಮ್ಯಾಲ?"

ಕರೆ ಕಡಿದುಹೋಯಿತು. ಅವನೇ ಕಡಿದನೋ, ನೆಟ್‌ವರ್ಕ್ ಹೋಯಿತೋ ಗೊತ್ತಿಲ್ಲ. ಹೆಲೆನ್‌ಗೆ ಭಾಷೆ ತಿಳಿಯಲಿಲ್ಲ, ಆದರೆ ಬಲೆ ಕಂಡಿತ್ತು, ಕುರಿ ಕಂಡಿತ್ತು. ನನ್ನ ತಟ್ಟೆಯ ಮಾಂಸವನ್ನು ಎತ್ತಿ ನಾಯಿಗೆ ಹಾಕಿ, ಚಹ ಇಟ್ಟಳು.

ರಾಜೂರ, ಮರಳಿ ಬಂದ ಮೇಲೆ

ಅಲ್ಲಿ ಚಳಿ ಶುರುವಾಗುತ್ತಿತ್ತು. ಇಲ್ಲಿ ಇಳಿದರೆ ಬಿಸಿಲು ಮುಖಕ್ಕೆ ಬಡಿಯಿತು. ಈ ಬಿಸಿಲಿಗೆ ಮೊದಲ ಸಲ ಸಂತೋಷಪಟ್ಟೆ. ನೆರಳಿಲ್ಲದ, ಒಣಗಿ ಬಿರಿದ ನೆಲದಲ್ಲಿ ಆ ರೋಗಾಣು ಬೇಗ ಸಾಯುತ್ತದೆ. ನರಗುಂದದ ಕಾಲುವೆ ಕೆಳಗಿನ ತೇವದ ಹೊಲದಲ್ಲಿ ಅಷ್ಟು ಬೇಗ ಸಾಯಲಾರದು.

ಅಣ್ಣ ಸಿಟ್ಟಿನಲ್ಲಿದ್ದರೂ ಹೇಳಿದ್ದು ಮಾಡಿದ್ದ. ಕೆಂಚಿ ದೂರದ ಬೇವಿನ ಬುಡಕ್ಕೆ ಒಂಟಿಯಾಗಿ ಕಟ್ಟಿಸಿಕೊಂಡು ನಿಂತಿತ್ತು, ಮರಿಗಳ ಕಡೆ ಮುಖ ಮಾಡಿ ಒದರುತ್ತಿತ್ತು. ಎರಡು ದಿನದಲ್ಲಿ ಸತ್ತಿತು.

ಅಣ್ಣನ ಎದುರೇ ಕೊಯ್ದೆ. ಸಣ್ಣ ಕರುಳಿನ ಕೊನೆಯ ಭಾಗ ಸೀಳಿ ತೋರಿಸಿದೆ. ತೆಳ್ಳಗೆ, ನುಣ್ಣಗೆ ಇರಬೇಕಾದದ್ದು ನೀರಲ್ಲಿ ನೆನೆದ ಕಂಬಳಿಯ ಹಾಗೆ ದಪ್ಪಗೆ, ಮಡಿಕೆ ಮಡಿಕೆಯಾಗಿತ್ತು. ಕುರಿಯ ಹೊಟ್ಟೆ ಅಣ್ಣ ನೋಡದೆ ಇರುವುದೇನಲ್ಲ. ಬಗ್ಗಿ ನೋಡಿದ, ಹೋಗಿ ಗುಂಡಿ ತೋಡಿದ. ಹಿಂಡಿನ ಹಿಕ್ಕಿ ಆರಿಸಿ ತಪಾಸಣೆಗೆ ಕಳಿಸಿದೆ. ಫಲಿತಾಂಶ ಬಂದಾಗ ಕೆಂಚಿಯದಲ್ಲದೆ ಇನ್ನೂ ಕೆಲವು ಕುರಿಯದು ಹೌದು ಅಂತ ಇತ್ತು. ಅವುಗಳಲ್ಲಿ ಬೊಳ್ಳಿಯೂ ಒಂದು. ಬೊಳ್ಳಿ ಆಗ ಹಿಂಡಿಗೆಲ್ಲ ದಷ್ಟಪುಷ್ಟ.

ಅಣ್ಣನಿಗೆ ಹೆಲೆನ್ ಅಪ್ಪನ ಕಥೆ ಹೇಳಿದೆ. ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಕೇಳಿದ.

"ಮುಂದ ಅವ್ರಿಬ್ರೂ ಮಾತಾಡಿದ್ರೇನು?"

"ಇಲ್ಲ. ಹಂಗ ಹೋದ್ರು ಇಬ್ಬರೂ."

ಎಲೆಅಡಿಕೆ ಉಗಿದು ಬಂದ. "ನಡಿ ಅಬ್ಬಿಗೇರಿಗೆ. ಆದ್ರ ನೀ ಬಾಯಿ ತಗೀಬ್ಯಾಡ. ನಾ ಹೇಳತೀನಿ."

"ಯಾಕ, ನಾ ಡಾಕ್ಟರ್ ಅಲ್ಲೇನು?"

"ಅದಕ್ಕ. ನೀ ಹೇಳಿದ್ರ ಅವ್ರು ಹೂಂ ಅಂತಾರ, ಆಮ್ಯಾಲ ಬೀರ್ಯಾ ಮುಚ್ಚಿಟ್ಟಿದ್ದ, ತಂಗಿ ಬಂದು ಹೊರಗ ಹಾಕಿದ್ಲು ಅಂತಾರ. ಕುರಿ ನನ್ನವು."

ಅಬ್ಬಿಗೇರಿ

ಗೌಡರು ಕಟ್ಟೆಯ ಮೇಲೆ ಇದ್ದರು. ನನ್ನನ್ನು ನೋಡಿ, "ಬರ್ರಿ ಡಾಕ್ಟರ್ ಬಾಯಾರ, ಪರದೇಶದಿಂದ ಏನ ತಂದ್ರಿ ನಮಗ?" ಅಂದರು. ಅಣ್ಣ ಕೂಡಲಿಲ್ಲ. ನಿಂತೇ ಹೇಳಿದ. ಕೆಂಚಿ ಸತ್ತದ್ದು, ಕರುಳು ನೋಡಿದ್ದು, ಹಿಕ್ಕಿಯಲ್ಲಿ ಏನು ಬಂದಿದೆ ಅನ್ನುವುದು, ಯಾವುದನ್ನೂ ಬಿಡಲಿಲ್ಲ.

ಗೌಡರು ಮೀಸೆ ತಿರುವಿದರು. "ಜ್ವಾಳಕ್ಕ ಏನಾರ ಆಗತೈತೇನು?"

"ಜ್ವಾಳಕ್ಕ ಏನೂ ಇಲ್ರಿ" ಅಂದೆ. ಅಣ್ಣ ನನ್ನ ಕಡೆ ನೋಡಿದ, ಇರಲಿ ಅನ್ನುವ ಹಾಗೆ.

"ಎಮ್ಮಿ ಕರಕ್ಕ?"

"ಬರಬಹುದ್ರಿ. ಕುರಿ ನಿಂತ ಹೊಲದಾಗ ಕರ ಮೇಯಸಬಾರದು."

"ಮನಶ್ಯಾರಿಗೆ?"

"ಕೆಲವ್ರು ಸಂಶಯ ಪಡತಾರ್ರಿ, ಖಾತ್ರಿ ಆಗಿಲ್ಲ. ಹಾಲು ಕಾಸಿ ಕುಡದ್ರ ಚಲೋ."

ಅವರು ಅಂಗಳದ ಆಚೆ ನೋಡಿದರು. ಅಲ್ಲಿ ಎರಡು ಎಮ್ಮೆಕರು ಕಟ್ಟಿದ್ದವು, ಮೈ ಮಿರಮಿರ ಮಿಂಚುತ್ತಿತ್ತು. "ಹೋದ ವರ್ಷ ನಿಮ್ಮ ಕುರಿ ನಿಂತಾಗ ಇತ್ತೇನು ಈ ರೋಗ?"

ಇದಕ್ಕೆ ಅಣ್ಣನೇ ಉತ್ತರ ಕೊಟ್ಟ. "ಇದ್ದಿರಬೇಕ್ರಿ. ನಮಗ ಗೊತ್ತಿದ್ದಿಲ್ಲ."

ಚಹ ಬಂತು. ಕುಡಿದೆವು. ಬಟ್ಟಲು ಕೆಳಗಿಟ್ಟು ಗೌಡರು, "ಈ ವರ್ಷ ಬ್ಯಾಡ ಬೀರಪ್ಪ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ವರ್ಷ ಅಂತಲೂ ಅನ್ನಲಿಲ್ಲ. ಕರುಗಳ ರಕ್ತ ತಪಾಸಣೆಗೆ ಯಾವಾಗ ಬರುತ್ತೀರಿ ಅಂತ ನನ್ನನ್ನು ಕೇಳಿದರು. ನಾಳೆಯೇ ಅಂದೆ.

ಹಿಂದಿರುಗುವಾಗ ಅಣ್ಣ ಮೋಟರ್ ಸೈಕಲ್ಲನ್ನು ಎಷ್ಟು ನಿಧಾನ ಓಡಿಸಿದನೆಂದರೆ ಸೈಕಲ್ಲಿನವರು ದಾಟಿ ಹೋದರು. ನನಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು.

ರಾಜೂರದ ಅಂಚು

ಊರು ಹತ್ತಿರ ಬಂದಾಗ ಪಾರವ್ವ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಗಂಡ ತೀರಿದ ಮೇಲೆ ತಾನೇ ಒಕ್ಕಲುತನ ಮಾಡುವ ಮುದುಕಿ. ಊರಲ್ಲಿ ಅವಳ ಬಾಯಿಗೆ ಹೆದರದವರಿಲ್ಲ.

"ಏ ಬೀರ್ಯಾ, ನಿನ್ನ ಹಿಂಡು ಗೌಡ್ರ ಮನಿ ಅಳಿಯಾ ಆಗೇತೇನು? ನಮ್ಮ ಹೊಲ ಕಣ್ಣಿಗೆ ಬೀಳವಲ್ದು? ಬಣಬಣ ಬಿದ್ದೈತಿ ನೋಡು, ಬಂದು ನಿಲ್ಲಸು."

ಅಣ್ಣ ಗಾಡಿಯಿಂದ ಇಳಿದ. ಸುಮ್ಮನೆ ಹೂಂ ಅಂದಿದ್ದರೆ ಅವತ್ತೇ ಹಿಂಡಿಗೆ ನೆಲ ಸಿಗುತ್ತಿತ್ತು.

"ಯಮ್ಮಾ, ನನ್ನ ಕುರಿಗೆ ಕರಳಿನ ರೋಗ ಬಂದೈತಿ" ಅಂದ. "ಹಿಕ್ಕ್ಯಾಗ ಬೀಳತೈತಿ. ಮರಿ, ಕರ ಇದ್ದಲ್ಲಿ ಹತ್ತತೈತಿ. ಗೌಡ್ರು ಬ್ಯಾಡ ಅಂದ್ರು."

ಪಾರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದಳು. "ಖರೇನೇನವಾ?"

"ಖರೇರಿ."

"ನಮ್ಮ ಮನ್ಯಾಗ ಆಕಳಿಲ್ಲ, ಎಮ್ಮಿ ಇಲ್ಲ, ಆಡಿಲ್ಲ. ಹೊಲಕ್ಕ ಬಾಡಿಗಿ ಟ್ರ್ಯಾಕ್ಟರ್ ಬರತೈತಿ. ಟ್ರ್ಯಾಕ್ಟರಿಗೆ ಹತ್ತತೈತೇನು?"

"ಇಲ್ರಿ. ಆದ್ರ ಮುಂದ ಬ್ಯಾರೆಯವ್ರ ದನಾ ಕುರಿ ಒಳಗ ಬಿಡಬಾರದು. ಒಂದ ವರ್ಷರೆ."

"ಬಿಟ್ಟು ನೋಡ್ಲಿ ಯಾವನರೆ!" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಮತ್ತ ಉಳದವ್ರ ಹಿಂಡು? ಗಜೇಂದ್ರಗಡದ ಕಡೆಯಿಂದ ಬರತಾವಲ್ಲ, ಅವು ಎಲ್ಲಾ ಚಲೋ ಅದಾವೇನು?"

ಅಣ್ಣ ನನ್ನ ಮುಖ ನೋಡಿದ. ಇಷ್ಟೆಲ್ಲ ಓದಿ, ಅಷ್ಟು ದೂರ ಹೋಗಿ ಬಂದು, ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ.

"ಗೊತ್ತಿಲ್ರಿ. ಯಾರೂ ನೋಡಿಲ್ಲ."

"ಹಂಗಾದ್ರ ಇವನ ಕುರಿನೇ ಬರಲಿ" ಅಂದಳು ಪಾರವ್ವ. "ಇವುಕ್ಕ ಏನಾಗೇತಿ ಅಂತಾದ್ರೂ ಗೊತ್ತೈತಿ."